ಬೇಲಿ ಹಾಡು ಓಡಿದ ವರ್ಷ

ನಮ್ಮ ಬ್ಯಾಂಡಿನಲ್ಲಿ ಮೂವರಿದ್ದೆವು. ಗಿಟಾರ್ ನನ್ನದು, ಡ್ರಮ್ಸ್ ನನ್ನ ತಂಗಿಯದು, ಮಾತು ಗೆಳೆಯನದು. ಅವನು ಮಾಡದಕೆರೆ ಕಡೆಯ ಕುರಿ ಸಾಕುವ ಮನೆಯವನು. ಚಿತ್ರದುರ್ಗದ ಕಾಲೇಜಿನಲ್ಲಿ ನನ್ನ ಬೆಂಚಿಗೆ ಬಂದು ಕುಳಿತವನು ಆಮೇಲೆ ನಮ್ಮನ್ನು ಬಿಟ್ಟು ಹೋಗಲೇ ಇಲ್ಲ. ಸಿಟ್ಟು ಬಂದರೆ ಬಡಬಡನೆ ಮಾತಾಡುತ್ತಿದ್ದ. ಆ ಮಾತಿಗೆ ತಾನಾಗಿಯೇ ತಾಳ ಇರುತ್ತಿತ್ತು.

ಅವನ ಅಪ್ಪ ಕುರಿ ಮೇಯಿಸುತ್ತಿದ್ದ ಗೋಮಾಳಕ್ಕೆ ಒಂದು ಬೇಸಿಗೆಯಲ್ಲಿ ಕಲ್ಲುಕಂಬ ಬಂದವು, ಮುಳ್ಳುತಂತಿ ಬಂತು. ಹಾಕಿಸಿದ್ದು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಹೆಸರು ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ. 'ಅಣ್ಣ' ಎನ್ನುತ್ತಿದ್ದರು, ಅಷ್ಟೇ. ಅದರ ಮೇಲೆಯೇ ಅವನು ರ‍್ಯಾಪ್ ಬರೆದ. ನಾನು ಅದಕ್ಕೆ ರಾಕ್ ಗಿಟಾರ್ ಕೂಡಿಸಿದೆ. "ಈ ಬೇಲಿ ಯಾರದು?" ಎಂದು ಅವನು ಕೂಗಿದ ಮೇಲೆ ಹಾಡು ಒಂದು ಗಳಿಗೆ ಪೂರ್ತಿ ನಿಲ್ಲುತ್ತಿತ್ತು. ಉತ್ತರದ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದೆವು.

ಬೆಂಗಳೂರಿನ ಒಂದು ಮ್ಯೂಸಿಕ್ ಕಂಪನಿ ಹಾಡನ್ನು ಕೊಂಡು ಬಿಡುಗಡೆ ಮಾಡಿತು. ಮೊದಮೊದಲು ನಮ್ಮ ನೆಂಟರು ಬಿಟ್ಟರೆ ಯಾರೂ ಕೇಳಲಿಲ್ಲ. ಆಮೇಲೆ ಏನಾಯಿತೋ, ಹಿರಿಯೂರಿನ ಆಟೋಗಳಲ್ಲಿ, ಹೊಳಲ್ಕೆರೆಯ ಬಸ್ಸುಗಳಲ್ಲಿ, ಭರಮಸಾಗರದ ಟೀ ಅಂಗಡಿಯಲ್ಲಿ ಅದೇ ಹಾಡು. ಆ ವರ್ಷ ತಾವು ಬಿಟ್ಟ ಹಾಡುಗಳಲ್ಲಿ ಹೆಚ್ಚು ಓಡಿದ್ದು ಇದೇ ಎಂದು ಕಂಪನಿಯವರು ಫೋನ್ ಮಾಡಿದರು. ತಂಗಿ ಕುಣಿದಳು. ಗೆಳೆಯ ಮಾತ್ರ, "ಊರಾಗೆ ಯಾರೂ ಏನೂ ಅಂತಿಲ್ಲ ಕಣೋ. ಅಣ್ಣನ ಕಡೇರು ಒಬ್ರೂ ಬೈತಿಲ್ಲ" ಎಂದ.

ಒಂದು ಮಧ್ಯಾಹ್ನ ನಮ್ಮ ಅಭ್ಯಾಸದ ಕೋಣೆಗೆ ಇಬ್ಬರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದೇ ಒಳಬಂದರು.

"ಹಾಡು ಭಾಳ ಚೆನ್ನಾಗೈತೆ. ಅಣ್ಣಾರು ಕಾರಲ್ಲಿ ದಿನಾ ಹಾಕ್ಸ್ಕಂತಾರೆ" ಎಂದ ಹಿರಿಯವನು. "ಭಾನುವಾರ ಹೊಸದುರ್ಗದಾಗೆ ಅವರ ಹುಟ್ಟಿದಬ್ಬ. ಬಂದು ಹಾಡ್ರಿ."

"ನಮಗೆ ಬರಾಕಾಗಲ್ಲ" ಎಂದ ಗೆಳೆಯ.

"ನಿಮ್ಮಪ್ಪಾರು ಬರ್ತಾರಲ್ಲ. ನಿನ್ನೇನೇ ಹೋಗಿ ಕರೆದು ಬಂದ್ವಿ."

ಹೋದೆವು. ಅವನ ಅಪ್ಪನನ್ನು ಮುಂದಿನ ಸಾಲಿನಲ್ಲಿ, ಅಣ್ಣನ ಪಕ್ಕದಲ್ಲೇ ಕೂರಿಸಿದ್ದರು. ಹೆಗಲ ಮೇಲೆ ಹೊಸ ಶಾಲು, ಎರಡೂ ಕೈ ಮೊಣಕಾಲ ಮೇಲೆ. ಗೆಳೆಯ ಅಪ್ಪನನ್ನೇ ನೋಡುತ್ತ ಹಾಡಿದ. "ಈ ಬೇಲಿ ಯಾರದು?" ಎಂದ. ನಾವು ಬಾರಿಸುವುದನ್ನು ನಿಲ್ಲಿಸಿದೆವು.

"ಅಣ್ಣಂದು!" ಎಂದು ಮೈದಾನಕ್ಕೆ ಮೈದಾನವೇ ಕೂಗಿತು.

ಅಣ್ಣ ನಕ್ಕು ಚಪ್ಪಾಳೆ ತಟ್ಟಿದ. ಗೆಳೆಯ ಮೈಕನ್ನು ಕೆಳಗಿಟ್ಟ. ಮರುಗಳಿಗೆಯೇ ಸ್ಪೀಕರುಗಳಲ್ಲಿ ಅವನದೇ ದನಿ ಮತ್ತೆ ಎದ್ದಿತು. ನಮ್ಮನ್ನು ಕರೆಯಲು ಬಂದಿದ್ದ ಹಿರಿಯವನು ವೇದಿಕೆಯ ಪಕ್ಕದಿಂದ ಹೇಳಿದ: "ಕುಂತ್ಕಳ್ರಿ, ಆಯಾಸ ಮಾಡ್ಕಬ್ಯಾಡ್ರಿ. ನಮ್ಮತ್ರ ರೆಕಾರ್ಡ್ ಐತೆ."

ಆ ಸಂಜೆಯ ವಿಡಿಯೊ ಹರಡಿ ಹಾಡು ಇನ್ನೂ ಜೋರಾಗಿ ಓಡಿತು. ಹಾಡನ್ನು ತೆಗೆದುಬಿಡಿ ಎಂದು ಕಂಪನಿಯನ್ನು ಕೇಳಿಕೊಂಡೆವು. "ಈಗ ತೆಗೆಯೋದಾ? ತಮಾಷೆ ಮಾಡ್ತಿದೀರಾ?" ಎಂದರು. ಬೇಲಿ ಗೋಮಾಳ ದಾಟಿ ಗುಡ್ಡದ ಆ ಬದಿಗೂ ಹೋಯಿತು. ಅಣ್ಣನ ಪಕ್ಕ ಶಾಲು ಹೊದ್ದು ಕುಳಿತವನ ಜೊತೆ ಊರಿನವರು ಮಾತು ಬಿಟ್ಟರು.

ಈಗಲೂ ಅಣ್ಣನ ಕಡೆಯ ಆ ಇಬ್ಬರು ಆಗಾಗ ಗೆಳೆಯನ ಮನೆಗೆ ಹಣ್ಣು ತಗೊಂಡು ಹೋಗುತ್ತಾರೆ, ಕಟ್ಟೆಯ ಮೇಲೆ ಕುಳಿತು ಟೀ ಕುಡಿಯುತ್ತಾರೆ.

"ಮೊನ್ನೆ ಅವ್ವನ್ನ ಕೇಳಿದ್ರಂತೆ, ಮಗ ಈಗ ಏನು ಬರೀತಾ ಐದಾನೆ ಅಂತ" ಎಂದು ಅವನು ನನಗೆ ಹೇಳಿದ.

"ಅವ್ವ ಏನಂದ್ರು?"

"ಅವನು ಹಾಡೋದು ಬಿಟ್ಟ ಅಂದ್ಲಂತೆ."

ಅವನು ಬಿಟ್ಟಿಲ್ಲ. ಇದನ್ನು ನಾನು ಇಲ್ಲಿ ಬರೆಯಬಾರದಿತ್ತೇನೋ.