ರಂಗಪ್ಪ ಎತ್ತಿ ತೋರಿಸಿದ ಚೀಲ

ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡಿಸುವ ಕಾಯಿದೆ ಆಗಷ್ಟೇ ಬಂದಿತ್ತು. ತರೀಕೆರೆಯ ಮರದ ಡಿಪೋದಲ್ಲಿ ದಿಮ್ಮಿ ಉರುಳಿ ರಂಗಪ್ಪನೆಂಬ ಕೂಲಿಯವನ ಭುಜ ಮುರಿದಿತ್ತು. ಪರಿಹಾರ ಗೊತ್ತುಮಾಡಲೆಂದು ಅವನನ್ನು ಪರೀಕ್ಷಿಸಲು ಹೊರಟ ಸರ್ಕಾರದ ಸಾಹೇಬರ ಜೊತೆ ಗುಮಾಸ್ತನಾಗಿ ನಾನೂ ಹೋದೆ. ನಮ್ಮನ್ನು ಕಂಡದ್ದೇ ತಡ, ಅವನು ಜಗುಲಿಯ ಮೇಲಿದ್ದ ರಾಗಿ ಚೀಲವನ್ನು ಅದೇ ಭುಜಕ್ಕೆ ಏರಿಸಿಕೊಂಡು ನಿಂತುಬಿಟ್ಟ. ಮುಖವೆಲ್ಲ ಬೆವರು.

ಹತ್ತಿರ ಹೋಗಿ, "ಇಳಿಸಪ್ಪಾ, ಕೈಲಾಗಲ್ಲ ಅಂತ ಹೇಳು" ಎಂದು ಪಿಸುಗುಟ್ಟಿದೆ.

ಅವನು ಹಲ್ಲು ಕಚ್ಚಿಕೊಂಡೇ, "ಹಂಗಂದ್ರೆ ಕೆಲ್ಸದಿಂದ ತೆಗ್ದ್‌ಬಿಡ್ತಾರೆ, ಸುಮ್ನಿರಿ ಬುದ್ಧಿ" ಎಂದ.

ಸಾಹೇಬರು "ದುಡಿಯಲು ಶಕ್ತ" ಎಂದು ಪರಿಹಾರದ ಅರ್ಜಿಯ ಮೇಲೆ ಬರೆದರು. ನಾನು ಬಾಯಿ ತೆರೆದರೆ, "ಕಣ್ಣಾರೆ ನೋಡಿದೆನಲ್ರೀ" ಎಂದರು.

ಹೊರಡುವಾಗ ಅವನ ಹೆಂಡತಿ ಕೈಮುಗಿದು, "ಕೆಲ್ಸ ಉಳಿಸ್ಕೊಟ್ರಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದಳು.

ಉಳಿಸಿಕೊಡಲು ಕೆಲಸ ನಮ್ಮ ಕೈಯಲ್ಲಿ ಎಲ್ಲಿತ್ತು? ಇದ್ದದ್ದು ಪರಿಹಾರವೊಂದೇ.