ಭಾವ ಕೊಟ್ಟ ಶಬ್ದ

ಭಾವನ ಅಂಗಿಯ ಎಡ ಕಾಲರು ಯಾವಾಗಲೂ ಒದ್ದೆ. ಪ್ಲಾಸ್ಟಿಕ್ ಕೊಳವೆಯನ್ನು ಬಾಯಿಯ ಮೂಲೆಯಲ್ಲಿ ಕಚ್ಚಿಕೊಂಡು ಗಿಟಾರ್ ನುಡಿಸುವಾಗ ಜೊಲ್ಲು ಸುರಿಯುತ್ತಿತ್ತು; ಅವರು ಒರೆಸಿಕೊಳ್ಳುತ್ತಿರಲಿಲ್ಲ. ಅಕ್ಕನನ್ನು ಈಗ ಕೇಳಿದರೆ ಬಲ ಕಾಲರು ಎನ್ನುತ್ತಾಳೆ. ನಾನು ಎಡ ಎಂದೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆ. ಅಕ್ಕನ ಗಂಡ ಮಂಗಳೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದರು, ರಜೆಯ ದಿನ ಆರ್ಕೆಸ್ಟ್ರಾದಲ್ಲಿ ಗಿಟಾರ್. ಯಾವುದೋ ವಿದೇಶಿ ರೆಕಾರ್ಡಿನಲ್ಲಿ ಗಿಟಾರ್ ಮನುಷ್ಯನ ಹಾಗೆ ಮಾತಾಡುವುದನ್ನು ಕೇಳಿ, ಅಂಥ ಪೆಟ್ಟಿಗೆಯನ್ನು ತಾವೇ ಮಾಡಲು ಕೂತರು. ಹಾರ್ನ್ ಸ್ಪೀಕರಿನ ಹಿಂಭಾಗದಲ್ಲಿರುವ, ಶಬ್ದ ಹೊರಡಿಸುವ ಯೂನಿಟನ್ನು ಪ್ಲೈವುಡ್ ಪೆಟ್ಟಿಗೆಯೊಳಗೆ ಕೂರಿಸಿ, ಗಾರೆಯವರು ಮಟ್ಟ ನೋಡುವ ಕೊಳವೆಯನ್ನು ಅದಕ್ಕೆ ಸಿಕ್ಕಿಸಿದರು. ಗಿಟಾರಿನ ಶಬ್ದ ಕೊಳವೆ ಹತ್ತಿ ಬಾಯಿಗೆ ಬರುತ್ತದೆ. ತುಟಿ, ನಾಲಗೆ ಆಡಿಸಿದರೆ ಅದೇ ಮಾತಾಗುತ್ತದೆ. ಗಂಟಲಿಗೆ ಕೆಲಸವಿಲ್ಲ. ಆರ್ಕೆಸ್ಟ್ರಾದ ಆಂಪ್ಲಿಫೈಯರನ್ನು ಮನೆಗೆ ತರುವ ಹಾಗಿರಲಿಲ್ಲ, ಹಾಗಾಗಿ ಅದನ್ನೂ ಪೆಟ್ಟಿಗೆಯೊಳಗೇ ಕಟ್ಟಿದರು. ಟ್ರಾನ್ಸಿಸ್ಟರ್ ಸುಟ್ಟ ವಾಸನೆ ಬಂದಾಗಲೆಲ್ಲ ನನಗೆ ಹೇಳುತ್ತಿದ್ದರು: "ಮತ್ತೊಂದು ಹೋಯ್ತು ಮಾರಾಯ. ಇವತ್ತು ದೇವರಿಗೆ ಊದುಬತ್ತಿ ಬೇಡ."

ಅಪ್ಪನಿಗೆ ಒಂದು ಹೋಟೆಲಿತ್ತು, ಅದಕ್ಕೆ ತಕ್ಕ ಗಂಟಲಿತ್ತು. ಅಕ್ಕ ತಾನೇ ಆರಿಸಿಕೊಂಡ ಈ ಅಳಿಯನೊಡನೆ ಅವರು ಒಮ್ಮೆಯೂ ನೇರವಾಗಿ ಮಾತಾಡಿರಲಿಲ್ಲ. ಎದುರಿಗೇ ಕೂತಿದ್ದರೂ ಅಕ್ಕನಿಗೆ ಹೇಳುತ್ತಿದ್ದರು: "ನಿನ್ನ ಮೈಕಿನವನಿಗೆ ಊಟ ಆಯ್ತಾ ಕೇಳು." ಆಮೇಲೆ ಗಂಟಲಲ್ಲಿ ಗೆಡ್ಡೆ ಕಾಣಿಸಿತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕಾವೂರಿನ ನಮ್ಮ ಮನೆಯಲ್ಲಿ ಅಪ್ಪ ಗೋಡೆ ನೋಡುತ್ತ ಕೂತರು. ಸನ್ನೆ ಮಾಡುವುದು ಅವರಿಗೆ ಅವಮಾನ.

ಒಂದು ಭಾನುವಾರ ಭಾವ ಪೆಟ್ಟಿಗೆಯನ್ನು ಹೊತ್ತು ತಂದು ಅಪ್ಪನ ಕುರ್ಚಿಯ ಪಕ್ಕ ಇಟ್ಟರು. ಕೊಳವೆಯ ತುದಿಯನ್ನು ಬಿಸಿನೀರಲ್ಲಿ ತೊಳೆದರು.

"ಮಾವ, ನೀವು ಬಾಯಿ ಆಡಿಸಿದರೆ ಸಾಕು. ಶಬ್ದ ನಾನು ಕೊಡ್ತೇನೆ."

ಅಪ್ಪ ಮುಖ ತಿರುಗಿಸಿದರು.

"ಎಂತ ಅಪ್ಪ, ಒಮ್ಮೆ ನೋಡಿ. ಕರೆಂಟ್ ಹೊಡೆಯುವುದಿಲ್ಲ," ಎಂದಳು ಅಕ್ಕ.

ಕೊನೆಗೆ ಅಪ್ಪ ಕೊಳವೆ ಕಚ್ಚಿದರು. ಭಾವ ದಪ್ಪ ತಂತಿ ಮೀಟಿದರು. ಕಿಟಕಿಯ ಗಾಜು ನಡುಗಿತು. ಅಪ್ಪನ ಬಾಯಿಂದ ಸ್ಪಷ್ಟವಾಗಿ ಬಂತು: "ಮೆಲ್ಲ, ಮಾರಾಯ."

ಅಳಿಯನಿಗೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು. ಭಾವ ವಾಲ್ಯೂಮ್ ಇಳಿಸಿದರು.

ವೇದಿಕೆಗೆಂದು ಮಾಡಿದ ಪೆಟ್ಟಿಗೆ ವೇದಿಕೆ ಹತ್ತಲೇ ಇಲ್ಲ. ಭಾವ ಕೆಲಸ ಮುಗಿಸಿ ನೇರ ನಮ್ಮಲ್ಲಿಗೆ ಬಂದು ಗಿಟಾರ್ ಎತ್ತಿಕೊಳ್ಳುತ್ತಿದ್ದರು, ಅಪ್ಪ ಅಂದಿನ ಮಾತನ್ನೆಲ್ಲ ಆಡುತ್ತಿದ್ದರು. ಅದರಲ್ಲಿ ಬೈಗುಳವೇ ಹೆಚ್ಚು, ಅದೂ ಭಾವನಿಗೇ. ತಾವೇ ತಂತಿ ಮೀಟಿ ತಾವೇ ಬೈಸಿಕೊಳ್ಳುತ್ತಿದ್ದರು. ಕೈ ನಿಲ್ಲಿಸಿದ್ದರೆ ಅರ್ಧ ಬೈಗುಳ ಅಪ್ಪನ ಬಾಯಲ್ಲೇ ಉಳಿಯುತ್ತಿತ್ತು. ಭಾವ ನಿಲ್ಲಿಸಿದ್ದನ್ನು ನಾನು ನೋಡಲಿಲ್ಲ.

ಎಂಬತ್ತರ ದಶಕದಲ್ಲಿ ಭಾವನಿಗೆ ಕಾಮಾಲೆ ಬಂತು. ಉಳಿಯಲಿಲ್ಲ. ನನಗೆ ಅಳು ಬರಲಿಲ್ಲ, ಈಗಲೂ ಬಂದಿಲ್ಲ.

ಉತ್ತರಕ್ರಿಯೆಯ ದಿನ, ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ, ಅಪ್ಪ ನನ್ನನ್ನು ನೋಡಿ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ನಾನು ಗಿಟಾರನ್ನು ತೊಡೆಯ ಮೇಲಿಟ್ಟು ಅದೇ ದಪ್ಪ ತಂತಿ ಮೀಟಿದೆ. ಅಪ್ಪ ಕೊಳವೆ ಕಚ್ಚಿ ಬಾಯಿ ತೆರೆದರು. ತುಟಿ ಆಡಲಿಲ್ಲ, ನಾಲಗೆ ಆಡಲಿಲ್ಲ. ತೆರೆದ ಬಾಯಿಂದ ತಂತಿಯ ಶಬ್ದ ಹಾಗೇ ಬರುತ್ತಿತ್ತು. ಅದು ತಗ್ಗಿದಾಗ ಮತ್ತೆ ಮೀಟಿದೆ. ಮತ್ತೆ.

ಕೊನೆಗೆ ವಾಲ್ಯೂಮ್ ಇಳಿಸಿದ್ದು ಅಪ್ಪನ ಕೈ ಎಂದು ನನ್ನ ನೆನಪು. ಹಾಗಿದ್ದರೆ ಕತೆ ಚೆನ್ನಾಗಿ ಮುಗಿಯುತ್ತದೆ. ಅದಕ್ಕೇ ನನಗೆ ಅನುಮಾನ. ಮೀಟಿದ್ದು ಮಾತ್ರ ನಾನೇ. ಹೆಬ್ಬೆರಳು ಸುಲಿದಿತ್ತು.