ಒಂದು ತಾಸು ಕೂತು ನೋಡಿದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಹಳದಿ. ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ. ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ನಮ್ಮ ಸಾವಕಾರರು ಆ ಉಗುರಿನಿಂದ ಕೊಂಬು ಕೆರೆದು, ಲಟಕ್ಕನೆ ಮುರಿದು, ಮೂಸಿ, ಆಮೇಲೆಯೇ ಬಾಯಿ ತೆರೆಯುತ್ತಿದ್ದರು. ಅವರ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಉಳಿದ ಹೆಂಗಸರ ಸಂಗಡ ನಾನು ಇಪ್ಪತ್ತು ವರ್ಷ ಅರಿಷಿಣ ಆರಿಸಿದೆ. ಯಾರಾದರೂ "ಮಾಲು ಚಲೋ ಐತ್ರಿ, ಕಣ್ಣ ಮುಚ್ಚಿ ತಗೋರಿ" ಅಂದರೆ, "ಕಣ್ಣ ಮುಚ್ಚಿ ತಗೊಳ್ಳಾಕ ಅದೇನು ಔಷಧೇನೋ?" ಅನ್ನುತ್ತಿದ್ದರು.

ನನ್ನ ಮಗ ಸಹಕಾರಿ ಸಕ್ಕರೆ ಕಾರಖಾನೆಯಲ್ಲಿದ್ದ. ಒಂದು ದೀಪಾವಳಿಗೆ ಬೋನಸ್ ಬಂದಾಗ ಮಿರಜದಿಂದ ಟಿ.ವಿ.ಗೆ ಹಚ್ಚುವ ವಿಡಿಯೋ ಗೇಮ್ ತಂದ. ಅದರಲ್ಲಿ ಒಬ್ಬ ಗಿಡ್ಡ ಮನುಷ್ಯ ಓಡುತ್ತಾನೆ, ತಗ್ಗು ಬಂದರೆ ಜಿಗಿಯುತ್ತಾನೆ, ಹಣ್ಣು ಆರಿಸುತ್ತಾನೆ. ಅಷ್ಟೇ. ಏಳು ವರ್ಷದ ನನ್ನ ಮೊಮ್ಮಗಳು, ನನ್ನ ಬಂಗಾರ, ಅದರ ಮುಂದೆ ಕೂತು ನಗುವುದನ್ನು ಕೇಳಿದರೆ ನನಗೆ ಹೊಟ್ಟೆ ತುಂಬಿ ಊಟ ಬೇಡವಾಗುತ್ತಿತ್ತು. ಆದರೆ ಓಣಿಯ ಹೆಂಗಸರು "ಹುಡುಗರ ತಲಿ ಕೆಡತಾವು, ಕಣ್ಣ ಹೋಗತಾವು" ಎಂದರು. ಹೆದರಿ ಅದನ್ನು ಕಪಾಟಿನ ಮೇಲಿಟ್ಟೆ. ದಿನಾ "ಆಯಿ, ಆಯಿ" ಎಂದು ಅಜ್ಜಿಯ ಬೆನ್ನು ಬಿಡದ ಕೂಸು ನನ್ನ ಸಂಗಡ ಮಾತು ಬಿಟ್ಟಿತು. ಮಗ್ಗಲಿಗೆ ಮಲಗಲೂ ಬರಲಿಲ್ಲ.

ಮೂರನೇ ದಿನ ಸಾವಕಾರರಿಗೆ ಹೇಳಿದೆ.

"ಕೂಸು ಆಡೂದನ್ನ ಪೂರಾ ಕುಂತು ನೋಡೀಯೇನು?"

"ಇಲ್ರಿ. ಮಂದಿ ಅಂದ್ರು."

"ಹಂಗಾರ ನಾಳಿಂದ ಮಂದಿ ಮೂಗಿಲೇ ಅರಿಷಿಣ ಮೂಸು!"

ಸಂಜೆ ಮನೆಗೇ ಬಂದರು. ಕಪಾಟಿನ ಮೇಲಿಂದ ಆಟ ಇಳಿಸಿ, ಅದರ ರಿಮೋಟು ಕೈಯಲ್ಲಿ ತಿರುಗಿಸುತ್ತ, "ಇದನ್ನೂ ಮುರದ ನೋಡ್ಲೇನು?" ಎಂದಾಗ ಕೂಸು ಅವರ ಕೈ ಹಿಡಿದು "ನಕೋ, ಬ್ಯಾಡ ಅಜ್ಜಾ!" ಎಂದು ಚೀರಿತು. ಮೊದಲು ತಾವೇ ಆಡಿದರು. ತಗ್ಗಿನ ಹತ್ತಿರ ಬಂದು ನಿಂತೇಬಿಟ್ಟರು.

"ಜಿಗೀರಿ ಅಜ್ಜಾ!"

"ತಡಿಯವ್ವಾ, ಆಳ ಎಷ್ಟೈತಿ ನೋಡಬೇಕಲ್ಲ."

ನೋಡುತ್ತ ನಿಂತಷ್ಟರಲ್ಲಿ ಆಟದ ಹೊತ್ತು ಮುಗಿದು ಗಿಡ್ಡ ಮನುಷ್ಯ ಸತ್ತ. "ಸುಮ್ನ ನಿಂತ್ರನೂ ಸಾಯ್ತಾನ್ರಿ ಅಜ್ಜಾ!" ಎಂದು ಕೂಸು ಬಿದ್ದು ಬಿದ್ದು ನಕ್ಕಿತು. ಆಮೇಲೆ ಅವಳ ಕೈಗೆ ಕೊಟ್ಟು ಒಂದು ತಾಸು ಕೂತರು. ಅವರು ಟಿ.ವಿ. ನೋಡುತ್ತಿರಲಿಲ್ಲ, ಕೂಸಿನ ಮುಖ ನೋಡುತ್ತಿದ್ದರು.

"ಹೊಡದಾಟ ಇಲ್ಲ, ಬೈಗಳ ಇಲ್ಲ. ಬೀಳತಾಳ, ನಗತಾಳ, ಮತ್ತ ಏಳತಾಳ. ಆಡ್ಲಿ ಬಿಡು. ಬಿದ್ದಾಗ ಅಳಾಕ ಹತ್ತಿದ್ರ ಅವತ್ತ ಬಂದ್ ಮಾಡು."

ದಿನಕ್ಕೆ ಎಷ್ಟು ಆಟ ಎಂದು ನಾನು ಕೇಳಿದೆ. ಪೇಟೆಯಲ್ಲಿ ಸವದಾ, ಅಂದರೆ ದರದ ಚೌಕಾಸಿ, ಬಾಯಿಂದ ಆಗುವುದಿಲ್ಲ, ಮಂದಿಗೆ ಕಾಣದಂತೆ ಟಾವೆಲ್ಲಿನ ಕೆಳಗೆ ಬೆರಳು ಹಿಡಿದು ಆಗುತ್ತದೆ; ಹಿಡಿದ ಬೆರಳೇ ಲೆಕ್ಕ. ಅವರು ಹೆಗಲಿನ ಟಾವೆಲ್ ತೆಗೆದು ಕೂಸಿನ ಕೈ ಮೇಲೆ ಹಾಸಿದರು. ಬೆರಳು ಹಿಡಿದರು. ಕೂಸು ತಲೆ ಅಲ್ಲಾಡಿಸಿತು. ಮತ್ತೆ ಹಿಡಿದರು. "ಆತ್ರಿ" ಎಂದಿತು.

"ಎಷ್ಟಕ್ಕ ಆತ್ರಿ?" ಎಂದೆ.

"ಸವದಾ ಮಾಡಿದವರಿಗಷ್ಟ ಗೊತ್ತ. ನೀ ನಡುವ ಬರಬ್ಯಾಡ."

ಅಂದಿನಿಂದ ನಾನು ಒಂದು ದಿನವೂ "ಸಾಕು" ಅನ್ನಬೇಕಾಗಲಿಲ್ಲ. ಕೂಸು ತಾನೇ ಏಳುತ್ತಿತ್ತು, ಮತ್ತೆ ನನ್ನ ಮಗ್ಗಲಿಗೇ ಮಲಗುತ್ತಿತ್ತು.

ಮುಂದಿನ ಶ್ರಾವಣದಲ್ಲಿ ಸಾವಕಾರರು ತೀರಿಕೊಂಡರು. ಪೇಟೆ ಅರ್ಧ ದಿನ ಬಾಗಿಲು ಹಾಕಿತ್ತು.

ಕೆಲವು ದಿನಗಳ ಮೇಲೆ ಕೂಸು ಆಡುತ್ತ, ಮೇಲಿಂದ ಮೇಲೆ ಬಿದ್ದು, ಕಣ್ಣಲ್ಲಿ ನೀರು ತಂದಿತು. ಬಂದ್ ಮಾಡಲು ನಾನು ಎದ್ದೆ. ಅಷ್ಟರಲ್ಲಿ ತಾನೇ ಟಿ.ವಿ. ಆರಿಸಿ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಿತು.

"ಆಯಿ, ಇವತ್ತ ಆಟ ಬ್ಯಾಡ. ನೀ ಏನರ ಹೇಳು."

ನನಗೆ ಕತೆ ಬರುವುದಿಲ್ಲ. ಸಾವಕಾರರ ಸುದ್ದಿಯನ್ನೇ ಹೇಳತೊಡಗಿದೆ. ಒಲೆಯ ಮೇಲಿನ ಬೇಳೆ ತಳ ಹತ್ತುವ ತನಕ ಹೇಳಿದೆ.